ತೋಟದ ಕಾಫಿಗೆ ಇನ್‌ಸ್ಟಾಗ್ರಾಂ ಪುಟ: ತೆರೆಯ ಹಿಂದಿನ ಕೆಲಸ ಹೀಗಿರಲಿ

ತೋಟದ ಕಾಫಿಯನ್ನು ಹುರಿದು, ಪುಡಿ ಮಾಡಿಸಿ, ಸ್ವಂತ ಹೆಸರಿನಲ್ಲಿ ಮಾರಲು ಹೊರಟ ಬೆಳೆಗಾರರು ಕೊಡಗಿನಲ್ಲಿ ಸಾಕಷ್ಟಿದ್ದಾರೆ. ಪೊಟ್ಟಣ ಕೈಗೆ ಬಂದ ಕೂಡಲೇ ಇನ್‌ಸ್ಟಾಗ್ರಾಂ ಪುಟವೂ ತೆರೆಯುತ್ತದೆ. ಮೊದಲ ಚಿತ್ರ ಮಂಜು ಮುಸುಕಿದ ಬೆಟ್ಟ, ಎರಡನೆಯದು ಹಬೆಯಾಡುವ ಲೋಟ. ಆಮೇಲೆ ಹಾಕಲು ಏನೂ ಉಳಿಯುವುದಿಲ್ಲ. ಮಂಜು ಎಲ್ಲ ಹೋಂಸ್ಟೇಗಳ ಪುಟದಲ್ಲೂ ಇದೆ. ಅದನ್ನು ಕಂಡು ಯಾರೂ ಕಾಫಿ ಪುಡಿ ಕೊಳ್ಳುವುದಿಲ್ಲ.

ಮೊದಲು ಒಂದು ನೋಟ್‌ಬುಕ್ಕಿನಲ್ಲಿ ತೋಟದ ವರ್ಷವನ್ನು ಬರೆದುಕೊಳ್ಳಿ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಹೂ ಅರಳಿಸುವ ಹೂಮಳೆ ಬಿದ್ದರೆ ವಾರ, ಹತ್ತು ದಿನದಲ್ಲಿ ಗಿಡ ಬೆಳ್ಳಗಾಗುತ್ತದೆ. ಮೂರು, ನಾಲ್ಕು ದಿನಕ್ಕೆ ಹೂ ಕಂದುತ್ತದೆ. ಆಗ ಚಿತ್ರ ತೆಗೆಯದಿದ್ದರೆ ಮತ್ತೆ ಮುಂದಿನ ವರ್ಷವೇ. ಕಾಫಿಯ ಎರಡು ಜಾತಿಗಳಲ್ಲಿ ಅರೇಬಿಕಾ ಕೊಯ್ಲು ನವೆಂಬರ್ ಸುಮಾರಿಗೆ, ರೊಬಸ್ಟಾ ಹೊಸ ವರ್ಷದ ಆಚೆಗೆ. ಜೂನ್ ಬಂತೆಂದರೆ ಕರೆಂಟೂ ನೆಟ್‌ವರ್ಕೂ ನಂಬಿಕೆಗೆ ಅರ್ಹವಲ್ಲ. ಮಳೆಗಾಲಕ್ಕೆ ಸೌದೆ ಒಟ್ಟಿಕೊಳ್ಳುವ ಊರಿನವರಿಗೆ ಇದನ್ನು ಹೇಳಬೇಕಿಲ್ಲ: ಆ ತಿಂಗಳುಗಳ ಪೋಸ್ಟ್‌ಗಳನ್ನೂ ಮೇ ಮುಗಿಯುವ ಮುನ್ನ ತಯಾರಿಸಿಡಿ. ಆದರೆ ಮಾರ್ಚಿನ ಹೂವನ್ನು ಡಿಸೆಂಬರಿನಲ್ಲಿ ‘ಇಂದು ನಮ್ಮ ತೋಟದಲ್ಲಿ’ ಎಂದು ಹಾಕಬೇಡಿ. ಸೋಮವಾರಪೇಟೆಯಿಂದ ಪೊನ್ನಂಪೇಟೆವರೆಗಿನ ಓದುಗರೆಲ್ಲ ನಗುತ್ತಾರೆ.

ಚಿತ್ರೀಕರಣಕ್ಕೆ ಒಳ್ಳೆಯ ಮೊಬೈಲ್ ಸಾಕು. ಅದನ್ನು ಅಡ್ಡಕ್ಕಲ್ಲ, ನೆಟ್ಟಗೆ ಹಿಡಿಯಿರಿ. ರೀಲ್‌ನ ಅಳತೆ 9:16. ನೆರಳಿನ ಮರಗಳ ಕೆಳಗೆ ಕ್ಯಾಮೆರಾ ಎಲೆಗಳ ಸಂದಿನ ಆಕಾಶಕ್ಕೆ ಮರುಳಾಗಿ ಹಣ್ಣನ್ನು ಕಪ್ಪಾಗಿಸುತ್ತದೆ. ಪರದೆಯಲ್ಲಿ ಹಣ್ಣಿನ ಮೇಲೆ ಬೆರಳು ಒತ್ತಿಹಿಡಿದು ಬೆಳಕನ್ನು ಲಾಕ್ ಮಾಡಿ. ಕಣದಲ್ಲಿ ಕೆಲಸ ನಡೆಯುವಾಗ ಮೊಬೈಲನ್ನು ನೆಲದಿಂದ ಒಂದು ಗೇಣು ಮೇಲಿಡಿ: ಮರದ ಹಲಗೆ ಎಳೆದಂತೆ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಸಹಿತದ ಕಾಫಿ ಬೀಜ, ಸಾಲುಸಾಲಾಗಿ ಏಳುತ್ತದೆ, ಜೊತೆಗೆ ಆ ಗರಗರ ಸದ್ದು. ಸದ್ದನ್ನು ಅಳಿಸಬೇಡಿ. ವ್ಯಾಪಾರದ ಖಾತೆಗಳಿಗೆ ಜನಪ್ರಿಯ ಸಿನಿಮಾ ಹಾಡುಗಳನ್ನು ಬಳಸುವ ಹಕ್ಕು ಸಾಮಾನ್ಯವಾಗಿ ಸಿಗುವುದಿಲ್ಲ. ಕಣದ ಸದ್ದಿಗೆ ಯಾರ ಅನುಮತಿಯೂ ಬೇಡ.

ಮನುಷ್ಯರ ಅನುಮತಿ ಮಾತ್ರ ಬೇಕೇ ಬೇಕು. ಕೆಲಸದವರ ಮುಖ ತೋರಿಸುವ ಮೊದಲು ಕೇಳಿ, ಎಲ್ಲಿ ಹಾಕುತ್ತೀರಿ ಎಂಬುದನ್ನೂ ಹೇಳಿ. ಕಿಲೋ ಲೆಕ್ಕದಲ್ಲಿ ಕೊಯ್ಯುವವರನ್ನು ‘ಅಕ್ಕಾ, ಇನ್ನೊಂದು ಸಲ ಚೀಲ ಎತ್ತಿ’ ಎಂದು ನಿಲ್ಲಿಸಿದರೆ ಅಷ್ಟು ಹೊತ್ತಿನ ಕೂಲಿ ಅವರಿಗೆ ಖೋತಾ. ಅದನ್ನು ತುಂಬಿಕೊಡುವುದು ಮಾಲೀಕರ ಲೆಕ್ಕಕ್ಕೇ ಸೇರಬೇಕು.

ತೆಗೆದ ದಿನವೇ ತುಣುಕುಗಳಿಗೆ ತಿಂಗಳು, ಕೆಲಸದ ಹೆಸರು ಕೊಟ್ಟು ಬೇರೆ ಕಡೆ ಒಂದು ಪ್ರತಿ ಇಡಿ. ಬೇಸರದ ಕೆಲಸ, ತಪ್ಪಿಸುವಂತಿಲ್ಲ.

ಅಡಿಬರಹದಲ್ಲಿ ಪೊಟ್ಟಣದ ಮೇಲಿರುವುದಕ್ಕಿಂತ ದೊಡ್ಡ ಮಾತು ಬೇಡ. ಕಾಫಿ, ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರಬೇಕೆಂಬುದು ನಿಯಮ. ನಿಮ್ಮದು ಮಿಶ್ರಣವಾಗಿದ್ದರೆ ಪ್ರಮಾಣವನ್ನು ಹೇಳಿಬಿಡಿ. ಕೂರ್ಗ್ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ, ಅಂದರೆ ಇಂಥ ಪ್ರದೇಶದ್ದೇ ಬೆಳೆ ಎಂಬ ಅಧಿಕೃತ ಗುರುತು, ಸಿಕ್ಕಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಅದರ ಮುದ್ರೆ ಬಳಸಬೇಡಿ, ರೊಬಸ್ಟಾ ಪುಡಿಗಂತೂ ಆ ಹೆಸರು ಸಲ್ಲದು. ಬೆಂಗಳೂರಿನ ಇನ್‌ಫ್ಲುಯೆನ್ಸರ್‌ಗೆ ಹಣದ ಬದಲು ಬರೀ ಉಚಿತ ಪೊಟ್ಟಣ ಕಳಿಸಿದರೂ ಅದು ಜಾಹೀರಾತೇ. ಹಾಗೆಂದು ನಮೂದಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿ ಹೇಳುತ್ತದೆ.

ಪೋಸ್ಟ್ ಹಾಕಿದ ಮೇಲೆ ಒಂದು ಗಂಟೆ ಮೊಬೈಲ್ ಹತ್ತಿರವಿರಲಿ. ಬೆಲೆ ಎಷ್ಟು, ಅಂಚೆ ವೆಚ್ಚ ಎಷ್ಟು, ಯಾವಾಗ ಹುರಿದದ್ದು: ಕೇಳುವುದು ಹೆಚ್ಚಾಗಿ ಇವಿಷ್ಟೇ. ಬೆಲೆ ಕೇಳಿದವರಿಗೆ ‘ಇನ್‌ಬಾಕ್ಸ್ ನೋಡಿ’ ಎನ್ನುವ ಚಾಳಿ ಯಾರು ಕಲಿಸಿದರೋ! ಎಲ್ಲರಿಗೂ ಕಾಣುವಂತೆಯೇ ಉತ್ತರಿಸಿ. ಯಾವ ಪೋಸ್ಟ್ ನೋಡಿ ಆರ್ಡರ್ ಬಂತು ಎಂಬುದನ್ನು ಅದೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ; ಲೈಕುಗಳ ಲೆಕ್ಕ ಅದರ ನಂತರದ್ದು.