ನೀರು ಬರಲಿ, ಕೊಳೆ ಬರದಿರಲಿ: ವೃಷಭಾವತಿಯ ಕೆಳದಂಡೆಯಲ್ಲಿ ನನ್ನ ಅನುಭವ

ನನ್ನ ಮನೆ ಇರುವುದು ಬೆಂಗಳೂರಿನ ಬಸವನಗುಡಿಯಲ್ಲಿ. ಇಲ್ಲಿನ ದೊಡ್ಡ ಬಸವಣ್ಣನ ಪಾದದಡಿಯಲ್ಲೇ ವೃಷಭಾವತಿ ಹುಟ್ಟುತ್ತಾಳೆಂದು ಹಿರಿಯರು ಹೇಳುತ್ತಿದ್ದರು. ಆ ಹೊಳೆ ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಬದಿಯಲ್ಲಿ ಹಾದು, ಕೆಂಗೇರಿ ದಾಟಿ, ಬಿಡದಿ ಸಮೀಪದ ಬೈರಮಂಗಲ ಕೆರೆಯನ್ನು ಸೇರುವಷ್ಟರಲ್ಲಿ ನಮ್ಮ ಮನೆಗಳ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತುಕೊಂಡಿರುತ್ತದೆ. ನಾವು ಬಚ್ಚಲಿಗೆ ಬಿಟ್ಟು ಮರೆತದ್ದನ್ನು ಅಲ್ಲಿನ ರೈತರು ದಿನವೂ ಮೊಣಕಾಲವರೆಗೆ ನಿಂತು ಹೊಲಕ್ಕೆ ತಿರುಗಿಸುತ್ತಾರೆ ಎಂಬುದು ನನ್ನನ್ನು ಕೆರೆಯ ಕೆಳಗಿನ ಹಳ್ಳಿಯೊಂದಕ್ಕೆ ಕರೆದೊಯ್ದಿತು.

ಮೊದಲ ಸಲ ಹೋದಾಗ ಮನವಿಪತ್ರವನ್ನು ನಾನೇ ಬರೆದುಕೊಂಡು ಹೋಗಿದ್ದೆ. ಈ ನೀರನ್ನು ವ್ಯವಸಾಯಕ್ಕೆ ಬಿಡುವುದನ್ನು ನಿಲ್ಲಿಸಬೇಕು ಎಂಬುದೇ ಅದರ ಮುಖ್ಯ ಬೇಡಿಕೆಯಾಗಿತ್ತು. ಜಗಲಿಯ ಮೇಲೆ ಕುಳಿತು ಪೂರ್ತಿ ಕೇಳಿದ ಒಬ್ಬ ಅಜ್ಜಿ, "ನೀರು ನಿಲ್ಸಿಬಿಟ್ರೆ ಹಿಪ್ಪುನೇರಳೆಗೆ ಏನು ಹಾಕೋದು ಕಣವ್ವ?" ಎಂದರು. ಅಲ್ಲಿ ಭತ್ತ ಹಿಂದೆ ಸರಿದು ಹಿಪ್ಪುನೇರಳೆ, ಬೇಬಿ ಕಾರ್ನ್, ಸೀಮೆಹುಲ್ಲು ಬಂದಿವೆ. ಬೇಸಿಗೆಯಲ್ಲೂ ಬತ್ತದೆ ಹರಿಯುವುದು ಈ ನೀರೊಂದೇ. ಪಟ್ಟಣದವಳಾದ ನನಗೆ ವಿಷವಾಗಿ ಮಾತ್ರ ಕಂಡದ್ದು ಅವರಿಗೆ ಮೈ ಕೆರೆತವನ್ನೂ ಮಕ್ಕಳ ಶಾಲೆಯ ಖರ್ಚನ್ನೂ ಒಟ್ಟಿಗೆ ತರುತ್ತಿತ್ತು. ಆ ಪತ್ರವನ್ನು ಅಲ್ಲಿಯೇ ಕೈಬಿಟ್ಟೆವು. ಹಲವು ಸಂಜೆಗಳ ಮಾತುಕತೆಯ ನಂತರ ಉಳಿದ ಬೇಡಿಕೆ ಒಂದೇ: ನೀರು ಬರಲಿ, ಕೊಳೆ ಬರದಿರಲಿ.

ಆದರೂ ಹೆಸರು ಬರೆಸಲು ಮುಂದೆ ಬಂದವರು ಕಡಿಮೆ. ನೀರು ಕೆಟ್ಟಿದೆಯೆಂದು ನಾವೇ ಬರೆದುಕೊಟ್ಟರೆ ನಾಳೆ ಡೈರಿಯಲ್ಲಿ ಹಾಲು ಹಾಕಿಸಿಕೊಳ್ಳುವರೇ, ಹೆಣ್ಣು ಕೊಡುವವರು ಯೋಚಿಸುವುದಿಲ್ಲವೇ ಎಂಬ ಅಂಜಿಕೆ ಮನೆಮನೆಯಲ್ಲೂ ಇತ್ತು. ಈ ಅಂಜಿಕೆಯನ್ನು ಭಾಷಣದಿಂದ ಹೋಗಲಾಡಿಸಲು ಸಾಧ್ಯವಿಲ್ಲ, ಹೋಗಲಾಡಿಸಲು ಹೊರಡುವುದು ನ್ಯಾಯವೂ ಅಲ್ಲ ಎಂದು ನಾನು ನಂಬುತ್ತೇನೆ. ನಷ್ಟ ಆಗುವುದಾದರೆ ಆಗುವುದು ಅವರಿಗೆ, ನನಗಲ್ಲ. ಆದ್ದರಿಂದ ಹೊಲದ ಒಡೆಯರ ಹೆಸರಾಗಲಿ ಸರ್ವೆ ನಂಬರಾಗಲಿ ಎಲ್ಲಿಯೂ ಬರೆಯದೆ, ಕಾಲುವೆಯ ಉದ್ದಕ್ಕೂ ಐದು ಜಾಗಗಳನ್ನು ಆರಿಸಿ ಅವುಗಳಿಗೆ ಕೇವಲ ಅಂಕಿ ಕೊಟ್ಟೆವು.

ಆಮೇಲೆ ಶುರುವಾದದ್ದು ನೀರಿನ ಪುಸ್ತಕ. ಇನ್ನೂರು ಪುಟದ ಸಾಧಾರಣ ರೂಲು ಪುಸ್ತಕ ಅದು. ಹೆಂಗಸರು ನೋಡಿ ಹೇಳಿದ್ದನ್ನು ಶಾಲೆಗೆ ಹೋಗುವ ಹುಡುಗಿಯರು ಬರೆಯುತ್ತಿದ್ದರು. ಒಂದು ದಿನದ ಬರಹ ಹೀಗಿದೆ: "ಮೂರನೇ ಜಾಗ. ಬೆಳಿಗ್ಗೆ ಐದೂವರೆ. ನೊರೆ ಮೊಣಕಾಲುದ್ದ. ಕೊಳೆತ ಮೊಟ್ಟೆ ವಾಸನೆ. ಎಮ್ಮೆ ಬಾಯಿ ಹಾಕಲಿಲ್ಲ." ತಿಂಗಳುಗಟ್ಟಲೆ ಬರೆದ ಮೇಲೆ ಪುಟಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿದಾಗ, ನೀರಿನ ಬಣ್ಣ ಕೆಡುವುದು ಹೆಚ್ಚಾಗಿ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಎಂಬುದು ಎದ್ದು ಕಂಡಿತು. ಹಳ್ಳಿಯವರಿಗೆ ಇದು ಗೊತ್ತಿರದ ಸಂಗತಿಯೇನಲ್ಲ, ಆದರೆ ಅದಕ್ಕೆ ತಾರೀಕು ಇರಲಿಲ್ಲ.

ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅಧಿಕೃತ ಪರೀಕ್ಷಾ ವರದಿಗಳನ್ನು ಕೇಳಿದೆವು. 30 ದಿನಗಳೊಳಗೆ ಉತ್ತರ ಕೊಡಬೇಕಾಗಿದ್ದ ಕಚೇರಿ ಕೊಡಲಿಲ್ಲ. ಮೇಲ್ಮನವಿಯ ನಂತರ ಕೈಗೆ ಬಂದ ಹಾಳೆಗಳಲ್ಲಿ ಮಾದರಿ ತೆಗೆದ ಹೊತ್ತು ಬಹುಪಾಲು ಮಧ್ಯಾಹ್ನವೆಂದಿತ್ತು. ಬಿಒಡಿ ಎಂಬ ಅಂಕಿಯನ್ನು ವಿವರಿಸಲು ಒಂದು ಸಂಜೆಯೇ ಹಿಡಿಯಿತು. ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ಅರಗಿಸಲು ಎಷ್ಟು ಆಮ್ಲಜನಕ ಹೀರುತ್ತವೆ ಎಂಬುದರ ಅಳತೆ ಅದು. ತ್ಯಾಜ್ಯ ನೀರನ್ನು ಹೊಳೆ, ಕೆರೆಗಳಿಗೆ ಬಿಡಲು ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಕುಡಿಯುವ ಬೋರ್‌ವೆಲ್‌ಗಳಿಗೆ ನಾವು ನೋಡಿದ್ದು ನೈಟ್ರೇಟನ್ನು. ಅದರ ಮಿತಿ 45 ಮಿಲಿಗ್ರಾಂ. ಪಂಪನ್ನು ಸ್ವಲ್ಪ ಹೊತ್ತು ಓಡಿಸಿ, ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು, ತುಂಬಿ, ಚೀಟಿ ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಬೆಂಗಳೂರಿನ ಪ್ರಯೋಗಾಲಯಕ್ಕೆ ತಲುಪಿಸುವ ಕೆಲಸವನ್ನು ಇಬ್ಬರು ಯುವಕರು ಕಲಿತರು.

ಗ್ರಾಮಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ವಾಸನೆಯೆಂದರೆ ಯಾವತ್ತು, ಎಷ್ಟು ಹೊತ್ತಿಗೆ ಎಂದು ಬಂದಿದ್ದ ಅಧಿಕಾರಿ ಕೇಳಿದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು ಪುಸ್ತಕ ತೆರೆದು ಓದತೊಡಗಿದಳು. ನಾಲ್ಕು ಪುಟ ಮುಗಿಯುವವರೆಗೆ ಅವಳನ್ನು ಯಾರೂ ತಡೆಯಲಿಲ್ಲ. ರಾತ್ರಿ ಹೊತ್ತಿನಲ್ಲಿ, ಊರಿನವರ ಎದುರಿನಲ್ಲಿ ಮಾದರಿ ತೆಗೆಯಬೇಕು ಎಂಬ ಠರಾವು ಅಂದು ನಡಾವಳಿ ಪುಸ್ತಕಕ್ಕೆ ಸೇರಿತು. ಅದರ ದೃಢೀಕೃತ ಪ್ರತಿಯನ್ನು ಎರಡೇ ದಿನದಲ್ಲಿ ಪಡೆದುಕೊಂಡೆವು, ಏಕೆಂದರೆ ಬಾಯಿಮಾತಿನ ಒಪ್ಪಿಗೆ ವರ್ಗಾವಣೆಯಾದ ಅಧಿಕಾರಿಯ ಜೊತೆಗೇ ಹೊರಟುಹೋಗುತ್ತದೆ.

ನೊರೆ ಇನ್ನೂ ನಿಂತಿಲ್ಲ. ಒಮ್ಮೆ ಮಾತ್ರ ರಾತ್ರಿ ಹನ್ನೊಂದಕ್ಕೆ ಜೀಪು ಬಂದು ಮೂರನೇ ಜಾಗದಲ್ಲಿ ನೀರು ತುಂಬಿಕೊಂಡು ಹೋಗಿದೆ. ಅದರ ವರದಿ ಕೇಳಿ ಹೊಸ ಅರ್ಜಿ ಹಾಕಿದ್ದೇವೆ. ಈ ಸಲ ಅರ್ಜಿಯ ಕೆಳಗೆ ಮೊದಲು ಹೆಬ್ಬೆಟ್ಟು ಒತ್ತಿದವರು ಆ ಅಜ್ಜಿ.