ಅಟ್ಟದ ಮೇಲಿನ ಪ್ಯಾಡ್ ಮತ್ತೆ ನಡುಗಿತು

ಹೋದ ಮಳೆಗಾಲದಲ್ಲಿ ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರು. ಸಾಗರದ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ ಅಟ್ಟ ಹತ್ತಿ ಪ್ಲೇಸ್ಟೇಷನ್ 2 ಎಂಬ ಗೇಮ್ ಯಂತ್ರದ ಹಳೇ ಪ್ಯಾಡ್, ಅಂದರೆ ಕೈಯಲ್ಲಿ ಹಿಡಿದು ಆಡುವ ಬಟನ್ ಸಾಧನ, ಹುಡುಕಿ ತಂದ. "ಮಾವ, ಇದನ್ನ ಕಂಪ್ಯೂಟರ್‌ಗೆ ಹಾಕಿ ಕಾರ್ ಗೇಮ್ ಆಡೋಣ್ವಾ?" ಎಂದ. ಆ ಯಂತ್ರ, ಅಂದರೆ ಕನ್ಸೋಲ್, ಹಾಳಾಗಿ ಎಷ್ಟೋ ವರ್ಷ ಆಗಿತ್ತು. ಪ್ಯಾಡ್ ಮಾತ್ರ ಉಳಿದಿತ್ತು.

ಶಿವಮೊಗ್ಗಕ್ಕೆ ಹೋದಾಗ ಒಂದು ಯುಎಸ್‌ಬಿ ಅಡಾಪ್ಟರ್ ತಂದೆ. ಚುಚ್ಚಿದ ಕೂಡಲೇ ಬಟನ್ ಎಲ್ಲ ಕೆಲಸ ಮಾಡಿದವು. ಆದರೆ ಕಾರು ಗೋಡೆಗೆ ಗುದ್ದಿದರೂ ಕೈಯಲ್ಲಿ ಏನೂ ಇಲ್ಲ. ವೈಬ್ರೇಷನ್ ಇಲ್ಲದೆ ರೇಸ್ ಆಡೋದು ಉಪ್ಪಿಲ್ಲದ ಸಾರು ಉಂಡ ಹಾಗೆ ಅಲ್ವಾ?

ಬಟನ್ ಒತ್ತಿದ್ದು ಪ್ಯಾಡಿನಿಂದ ಕಂಪ್ಯೂಟರ್‌ಗೆ ಹೋಗುತ್ತದೆ. ನಡುಕ ಬರಬೇಕಾದರೆ ಕಂಪ್ಯೂಟರ್ ತಿರುಗಿ ಪ್ಯಾಡಿಗೆ ಹೇಳಬೇಕು. ಡ್ರೈವರ್, ಅಂದರೆ ಆ ಸಾಧನವನ್ನು ನಡೆಸುವ ಸಾಫ್ಟ್‌ವೇರ್, ಹಾಕದಿದ್ದರೆ ವಿಂಡೋಸ್ ಇಂಥ ಅಡಾಪ್ಟರನ್ನು ಸಾದಾ ಜಾಯ್‌ಸ್ಟಿಕ್ ಅಂತ ತಿಳಿದು ಬಟನ್ನಿಗಷ್ಟೇ ನಿಲ್ಲುತ್ತದೆ. ಅಡಾಪ್ಟರ್ ಡಬ್ಬಿಯಲ್ಲಿ ಒಂದು ಪುಟಾಣಿ ಸಿಡಿ ಇತ್ತು, ನಾನು ಸುಮ್ನೆ ಬದಿಗೆ ಎಸೆದಿದ್ದೆ. ಪಕ್ಕದ ಮನೆಯವರ ಲ್ಯಾಪ್‌ಟಾಪಿನಲ್ಲಿ ಅದನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಬಂದೆ. ಡ್ರೈವರ್ ಹಾಕಿ, ವಿಂಡೋಸ್‌ನ ರನ್ ಪೆಟ್ಟಿಗೆಯಲ್ಲಿ 'ಜಾಯ್ ಡಾಟ್ ಸಿಪಿಎಲ್' (joy.cpl) ಕೊಟ್ಟು ಪ್ರಾಪರ್ಟೀಸ್ ತೆಗೆದರೆ ವೈಬ್ರೇಷನ್ ನೋಡುವ ಪುಟವೊಂದು ಹೊಸದಾಗಿ ಬಂದಿತ್ತು.

ಅದನ್ನು ಒತ್ತಿದಾಗ ಬಲಗೈ ಮಾತ್ರ ಜುಂ ಎಂದಿತು. ಎಡಗೈ ಸುಮ್ಮನಿತ್ತು.

ಈ ಪ್ಯಾಡಿನಲ್ಲಿ ಎರಡು ಮೋಟಾರ್ ಇರುತ್ತವೆ. ಎಡಗಡೆಯದು ದೊಡ್ಡದು, ಭಾರಿ ಗುದ್ದಿಗೆ. ಬಲಗಡೆಯದು ಚಿಕ್ಕದು, ಸಣ್ಣ ನಡುಕಕ್ಕೆ. ಚಿಕ್ಕದಕ್ಕೆ ಆನ್, ಆಫ್ ಎರಡೇ ಗೊತ್ತು. ದೊಡ್ಡದು ಜಾಸ್ತಿ ಕಡಿಮೆ ಆಗುತ್ತದೆ. ಹಿಂದಿನ ಸ್ಕ್ರೂ ಬಿಚ್ಚಿ ಮುಚ್ಚಳ ನಿಧಾನಕ್ಕೆ ಎತ್ತಿದೆ. ಒಳಗಿನ ಚಿಕ್ಕ ಬಿಡಿಭಾಗ ಹಾರಿದರೆ ಮಂಚದ ಕೆಳಗೆ ಹುಡುಕಬೇಕಾಗುತ್ತದೆ, ಅದಕ್ಕೆ ಕೆಳಗೆ ಬಿಳಿ ಪಂಚೆ ಹಾಸಿಕೊಂಡಿದ್ದೆ. ದೊಡ್ಡ ಮೋಟಾರಿನ ಕಡ್ಡಿಗೆ ಅರ್ಧ ಚಂದ್ರನಂಥ ಲೋಹದ ತುಂಡು ಇತ್ತು. ತೂಕ ಒಂದೇ ಕಡೆ ಇರುವುದರಿಂದಲೇ ತಿರುಗುವಾಗ ಕೈ ನಡುಗುವುದು. ಅದರ ಕೆಂಪು ವೈರಿನ ತುದಿ ಹಸಿರಾಗಿತ್ತು. ಮುಟ್ಟಿದ್ದೇ ತಡ, ಉದುರಿತು. ನಮ್ಮ ಕಡೆಯ ಥಂಡಿಗೆ ತಾಮ್ರ ಉಳಿಯುವುದು ಕಷ್ಟ. ಮೋಟಾರೇ ಹೋಗಿದೆಯೋ ಏನೋ ಎಂದು ಗೋಡೆ ಗಡಿಯಾರದ ಪೆನ್ ಸೆಲ್ ತಂದು ಎರಡು ವೈರ್ ತಾಗಿಸಿದೆ. ಗಿರ್ರನೆ ತಿರುಗಿತು! ವೈರಿನ ತುದಿ ಕೆರೆದು ಬೆಸುಗೆ ಹಾಕಿದೆ. ನಡುವೆ ಎರಡು ಸಲ ಕರೆಂಟ್ ಹೋಗಿ ಬೆಸುಗೆ ಕಡ್ಡಿ ತಣ್ಣಗಾಯಿತು, ಅದು ಬೇರೆ ಕಥೆ.

ಟೆಸ್ಟ್ ಪುಟದಲ್ಲಿ ಎರಡೂ ಕೈ ನಡುಗಿದವು. ಗೇಮ್‌ನಲ್ಲಿ ಮಾತ್ರ ಮತ್ತೆ ಏನೂ ಇಲ್ಲ. ಅಕ್ಕನ ಮಗ ನನ್ನ ಮುಖ ನೋಡಿದ.

ವಿಂಡೋಸ್‌ನಲ್ಲಿ ಗೇಮ್ ಜೊತೆ ಪ್ಯಾಡ್ ಮಾತಾಡಲು ಮುಖ್ಯವಾಗಿ ಎರಡು ದಾರಿ ಇವೆ. ಹಳೇದು ಡೈರೆಕ್ಟ್‌ಇನ್‌ಪುಟ್. ಇನ್ನೊಂದು ಎಕ್ಸ್‌ಇನ್‌ಪುಟ್, 2005ರಲ್ಲಿ ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್ 360 ಬಂದ ಕಾಲದ್ದು. ಅಡಾಪ್ಟರ್ ಹಳೇ ದಾರಿಯಲ್ಲಿದೆ, ಗೇಮ್ ಹೊಸ ದಾರಿಯಲ್ಲಿ ಕಾಯುತ್ತಿದೆ. ನಡುವೆ ದುಭಾಷಿ ಬೇಕು. ಎಕ್ಸ್360ಸಿಇ ಎಂಬ ಪುಟ್ಟ ಸಾಫ್ಟ್‌ವೇರ್ ಆ ಕೆಲಸ ಮಾಡುತ್ತದೆ. ನಾನು ಬಳಸಿದ್ದು ಅದರ ಹಳೇ ಆವೃತ್ತಿ, ಗೇಮಿನ ಫೋಲ್ಡರಿನಲ್ಲೇ ಇಡಬೇಕು. 64 ಬಿಟ್ ಗೇಮಿಗೆ 64 ಬಿಟ್‌ನದೇ ಆಗಬೇಕು, ನಾನು ಮೊದಲು 32 ಹಾಕಿ ಅರ್ಧ ದಿನ ಕಳೆದೆ. ಕೊನೆಗೆ ಅದರ ಫೋರ್ಸ್ ಫೀಡ್‌ಬ್ಯಾಕ್ (ಅಂದರೆ ನಡುಕದ) ಪುಟದಲ್ಲಿ ಟಿಕ್ ಹಾಕಬೇಕು, ಅದನ್ನು ಮರೆತರೆ ಮತ್ತೆ ಮೊದಲಿನ ಕಥೆಯೇ. ಆನ್‌ಲೈನ್ ಗೇಮಿಗೆ ಮಾತ್ರ ಇದು ಬೇಡ, ಮೋಸ ಅಂತ ತಿಳಿದು ಹೊರಗೆ ಹಾಕಬಹುದು.

ಪ್ಲೇಸ್ಟೇಷನ್ 4ರ ಪ್ಯಾಡ್ ಆದ ಡ್ಯುಯಲ್‌ಶಾಕ್ 4 ಇದ್ದವರಿಗೆ ಇಷ್ಟು ಪಾಡಿಲ್ಲ. ಕಂಪ್ಯೂಟರ್ ಗೇಮ್ ಕೊಂಡು ಆಡುವ ಸ್ಟೀಮ್ ಎಂಬ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಬೆಂಬಲ ಇದೆ. ಚಾರ್ಜ್ ಮಾತ್ರ ಆಗುವ ಕೇಬಲ್ ಹಾಕಿ ಒದ್ದಾಡಬೇಡಿ ಅಷ್ಟೇ.

ನಮ್ಮ ಪ್ಯಾಡಿನ ಗುದ್ದು ಮೊದಲಿನಷ್ಟು ಜೋರಿಲ್ಲ. ಕನ್ಸೋಲ್ ಮೋಟಾರಿಗೆ 7 ವೋಲ್ಟ್‌ಗಿಂತ ಜಾಸ್ತಿ ಕೊಡುತ್ತಿತ್ತು, ಯುಎಸ್‌ಬಿಯಲ್ಲಿ ಸಿಗೋದು 5. ಆದರೂ ಆವತ್ತು ರಾತ್ರಿ ಹುಡುಗ ಪ್ಯಾಡನ್ನು ಮರದ ಮೇಜಿನ ಮೇಲಿಟ್ಟು ನೀರಿಗೆ ಎದ್ದಾಗ ಅವನ ಕಾರು ಎಲ್ಲೋ ಗುದ್ದಿತು. ಅಡುಗೆಮನೆಯಿಂದ ಅಮ್ಮ ಕೂಗಿದರು: "ಯಾರದ್ದೋ ಫೋನ್ ಬರ್ತಾ ಇದೆ, ನೋಡೋ!"