ಬಾಡಿಗೆಯ ಪುಟ್ಟ ಕಾರಿನಲ್ಲಿ ಸೈಕಲ್ ಹಿಡಿಸುವುದು ಹೇಗೆ?

ಮುಂಬೈಯಿಂದಲೋ ದುಬೈಯಿಂದಲೋ ಸೈಕಲ್ ಸಮೇತ ಮಂಗಳೂರಿಗೆ ಬಂದಿಳಿದು, ಸೆಲ್ಫ್ ಡ್ರೈವ್ ಕಾರು ಹಿಡಿದು, ಚಾರ್ಮಾಡಿ ಘಾಟಿ ಹತ್ತಿ ಚಿಕ್ಕಮಗಳೂರಿಗೆ ಹೋಗುವವರಿದ್ದಾರೆ. ರಜೆಗೆ ಇದಕ್ಕಿಂತ ಒಳ್ಳೆ ಯೋಜನೆ ಇಲ್ಲ. ಆದರೆ ನಾನು ನೋಡಿದ ಮಟ್ಟಿಗೆ, ವಿಮಾನದಲ್ಲಿ ಏನೂ ಆಗದ ಸೈಕಲ್ ಕೆಡುವುದು ಪಾರ್ಕಿಂಗ್ ಜಾಗದಲ್ಲಿ. ಇಬ್ಬರು ಸೇರಿ ಸೈಕಲ್ ತುಂಬಿದ ಡಬ್ಬಿಯನ್ನು ಡಿಕ್ಕಿಗೆ ನೂಕುತ್ತಾರೆ, ಒಬ್ಬರು ಒಳಗಿಂದ ಎಳೆಯುತ್ತಾರೆ, ಎಲ್ಲೋ ಟಕ್ ಅನ್ನುತ್ತದೆ. ಆ ಸದ್ದು ಸಾಮಾನ್ಯವಾಗಿ ಗೇರ್ ಹ್ಯಾಂಗರ್‌ನದು, ಅಂದರೆ ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿದಿಡುವ ಪುಟ್ಟ ಲೋಹದ ತುಂಡಿನದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡಬ್ಬಿ ಇರುವುದು ವಿಮಾನಕ್ಕೆ, ಕಾರಿಗಲ್ಲ. ಸೈಕಲ್ ಅಂಗಡಿಯ ರಟ್ಟಿನ ಡಬ್ಬಿ ಸುಮಾರು 140 ಸೆಂಟಿಮೀಟರ್ ಉದ್ದ, 75ರಿಂದ 80 ಸೆಂ.ಮೀ. ಎತ್ತರ ಇರುತ್ತದೆ. ನಿಲ್ಲಿಸಿದರೆ ಡಿಕ್ಕಿಯ ಬಾಯಿಗೆ ತಾಗುತ್ತದೆ, ಮಲಗಿಸಿದರೆ ಮುಂದಿನ ಸೀಟಿಗೆ ತಾಗುತ್ತದೆ. ಅದರ ಜೊತೆ ಗುದ್ದಾಡಬೇಡಿ. ಅಲ್ಲೇ ಬಿಚ್ಚಿ.

ಕಾರು ಬುಕ್ ಮಾಡುವಾಗ

ಡಿಕ್ಕಿ ಇಷ್ಟು ಲೀಟರ್ ಅಂತ ಬರೆದಿರುವುದನ್ನು ನಂಬಿ ಕೂರಬೇಡಿ. ಅದು ಹಿಂದಿನ ಸೀಟು ಎತ್ತಿದ್ದಾಗಿನ ಲೆಕ್ಕ, ಸೈಕಲ್ಲಿಗೆ ಪ್ರಯೋಜನವಿಲ್ಲ. ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ. ಹಿಂದಿನ ಸೀಟು ಪೂರ್ತಿ ಮಡಚುತ್ತದಾ? ಸಿಎನ್‌ಜಿ ಕಾರಾ? ಸಿಎನ್‌ಜಿ ಆದರೆ ಹೆಚ್ಚಿನ ಮಾಡೆಲ್‌ಗಳಲ್ಲಿ ಸಿಲಿಂಡರ್ ಡಿಕ್ಕಿಯಲ್ಲೇ ಕೂತಿರುತ್ತದೆ, ಆ ಕಾರು ಬೇಡವೇ ಬೇಡ. ಟಾಟಾದ ಕೆಲವು ಕಾರುಗಳಲ್ಲಿ ಎರಡು ಚಿಕ್ಕ ಸಿಲಿಂಡರ್‌ಗಳನ್ನು ಡಿಕ್ಕಿಯ ನೆಲದಡಿ ಇಟ್ಟಿದ್ದಾರೆ, ಅವು ಪರವಾಗಿಲ್ಲ. ಚಿಕ್ಕ ಸೆಡಾನ್ ಕೂಡ ಬೇಡ. ಡಿಕ್ಕಿ ದೊಡ್ಡದಿದ್ದರೂ ಬಾಯಿ ಚಿಕ್ಕದು, ಸೀಟು ಎಷ್ಟೋ ಸಲ ಮಡಚುವುದೇ ಇಲ್ಲ. ನನ್ನ ಆಯ್ಕೆ ಯಾವಾಗಲೂ ವ್ಯಾಗನ್‌ಆರ್. ಚಾವಣಿ ಎತ್ತರ, ಹಿಂಬಾಗಿಲು ನೆಟ್ಟಗೆ. ಸ್ವಿಫ್ಟ್‌ನಲ್ಲೂ ಆಗುತ್ತದೆ, ಆದರೆ ಅದರ ಡಿಕ್ಕಿಯ ಅಂಚು ಎತ್ತರ, ಸೈಕಲ್ಲನ್ನು ಮೇಲೆತ್ತಿ ಒಳಗಿಳಿಸಬೇಕು.

ಹಿಂದಿನ ಸೀಟು ಮಡಚಿದ ಮೇಲೆ ಕಾರಿನಲ್ಲಿ ಜಾಗ ಇಬ್ಬರಿಗೆ. ಮಕ್ಕಳೂ ಇದ್ದರೆ ಎರ್ಟಿಗಾದಂಥದ್ದು ತೆಗೆದುಕೊಳ್ಳಿ, ಮಗುವಿನ ಪಕ್ಕ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ) ಇಟ್ಟುಕೊಂಡು ಘಾಟಿ ಹತ್ತಬೇಡಿ.

ಮನೆಯಲ್ಲೇ ಮಾಡುವ ಕೆಲಸ

ಪೆಡಲ್ ಬಿಚ್ಚಿ. ಎಡಗಡೆಯದಕ್ಕೆ ಉಲ್ಟಾ ಥ್ರೆಡ್. ಸ್ಪ್ಯಾನರನ್ನು ಮೇಲ್ಮುಖವಾಗಿ ಹಿಡಿದು ಹಿಂಚಕ್ರದ ಕಡೆಗೆ ತಿರುಗಿಸಿದರೆ ಎರಡೂ ಸಡಿಲವಾಗುತ್ತವೆ, ಇಷ್ಟು ನೆನಪಿದ್ದರೆ ಸಾಕು. ಸೀಟಿನ ಎತ್ತರಕ್ಕೆ ಟೇಪಿನ ಗುರುತು ಹಾಕಿ. ಅಲೆನ್ ಕೀ, ಸ್ಪ್ಯಾನರ್ ಎಲ್ಲವೂ ಡಬ್ಬಿಯೊಳಗೇ ಇರಲಿ, ಕೈಚೀಲದಲ್ಲಿ ಇಟ್ಟರೆ ತಪಾಸಣೆಯಲ್ಲಿ ಹೋಗುತ್ತವೆ. ಒಂದು ಹಳೆ ಪಂಚೆ ಅಥವಾ ಬೆಡ್‌ಶೀಟ್, ಹಳೆ ಸೈಕಲ್ ಟ್ಯೂಬ್ ಕತ್ತರಿಸಿದ ನಾಲ್ಕೈದು ಪಟ್ಟಿ ಜೊತೆಗಿರಲಿ.

ಫ್ರೇಮಿಗೆ ಸುತ್ತಲು ಬಬಲ್ ರ್‍ಯಾಪ್ ಬೇಡ, ಒಂದೇ ಪ್ರಯಾಣಕ್ಕೆ ಹರಿದುಹೋಗುತ್ತದೆ. ಎಸಿ ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಉದ್ದಕ್ಕೆ ಸೀಳಿ ಫ್ರೇಮಿಗೆ ತೊಡಿಸಿ, ವರ್ಷಗಟ್ಟಲೆ ಬಾಳುತ್ತದೆ. ಕಂದು ಟೇಪನ್ನು ಬಣ್ಣದ ಮೇಲೆ ಅಂಟಿಸಲೇಬೇಡಿ. ಮಂಗಳೂರಿನ ಸೆಕೆಗೆ ಅದರ ಅಂಟು ಕರಗಿ ಅಲ್ಲೇ ಉಳಿಯುತ್ತದೆ.

ಹೊಸ ಡಬ್ಬಿ ಕೊಳ್ಳುವವರಿಗೆ ನನ್ನ ಸಲಹೆ: ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಬೇಡ. ಸೈಕಲ್ ಹೊರತೆಗೆದ ಮೇಲೂ ಅದು ಅಷ್ಟೇ ಜಾಗ ತಿನ್ನುತ್ತದೆ. ಮಡಚುವ ಬ್ಯಾಗ್ ಅಥವಾ ರಟ್ಟಿನ ಡಬ್ಬಿ ಸಾಕು.

ಕಾರನ್ನು ಸಿದ್ಧ ಮಾಡುವುದು

ಕಾರಿನ ಒಳಗಿನ ಫೋಟೊ ತೆಗೆಯಿರಿ, ಸೀಟು ಮತ್ತು ಬಾಗಿಲಿನ ಗೀರುಗಳೂ ಕಾಣಲಿ. ಡಿಕ್ಕಿಯ ಮೇಲಿನ ಹಲಗೆ ಬಿಚ್ಚಿ, ಹೆಡ್‌ರೆಸ್ಟ್ ಕೆಳಗಿಳಿಸಿ, ಸೀಟು ಮಡಚಿ.

ಒಳಗೆ ಇಳಿಸುವುದು

ನಿಧಾನ ಬೇಕಾದದ್ದು ಇಲ್ಲಿ. ಜನ ಅವಸರ ಮಾಡುವುದೂ ಇಲ್ಲೇ.

ಮೊದಲು ರಟ್ಟಿನ ಡಬ್ಬಿಯ ತಳದ ಟೇಪ್ ಕತ್ತರಿಸಿ ಚಪ್ಪಟೆ ಮಾಡಿ. ಅದನ್ನೇ ಡಿಕ್ಕಿಯಿಂದ ಮುಂದಿನ ಸೀಟಿನವರೆಗೆ ಹಾಸಿ, ಅಂಚುಗಳನ್ನು ಪಕ್ಕಕ್ಕೆ ಮೇಲೆ ಬಾಗಿಸಿ. ಈಗ ನೆಲ, ಗೋಡೆ ಎರಡೂ ಆಯಿತು, ವಾಪಸ್ ಹೋಗುವಾಗ ಡಬ್ಬಿಯೂ ಉಳಿಯಿತು. ಮೇಲೆ ಪಂಚೆ ಹಾಸಿ. ಸೀಟಿಗೆ ಚೈನಿನ ಗ್ರೀಸ್ ತಾಗಿದರೆ ಠೇವಣಿಯಲ್ಲಿ ಕಡಿತವಾಗುತ್ತದೆ.

ಎರಡೂ ಚಕ್ರ ತೆಗೆಯಿರಿ. ಮುಂಚಕ್ರ ಒಂದನ್ನು ಮಾತ್ರ ತೆಗೆದು ಹಿಡಿಸಲು ನೋಡುವವರೇ ಜಾಸ್ತಿ. ಅದು ಹಿಡಿಸುವುದಿಲ್ಲ, ಹಿಡಿಸಿದರೂ ಗೇರ್ ಮೇಲೆ ಭಾರ ಬೀಳುತ್ತದೆ. ಹಿಂಚಕ್ರ ತೆಗೆಯುವ ಮೊದಲು ಚೈನ್ ಅತಿ ಚಿಕ್ಕ ಹಲ್ಲುಚಕ್ರದ ಮೇಲಿರಲಿ. ಡಿಸ್ಕ್ ಬ್ರೇಕ್ ಇದ್ದರೆ, ಚಕ್ರ ಹೊರಬಂದ ಕೂಡಲೇ ಬ್ರೇಕ್ ಪ್ಯಾಡುಗಳ ನಡುವೆ ಮಡಚಿದ ರಟ್ಟಿನ ತುಂಡು ಇಡಿ. ಹೈಡ್ರಾಲಿಕ್ ಬ್ರೇಕಿನಲ್ಲಿ ಯಾರಾದರೂ ಸುಮ್ನೆ ಲಿವರ್ ಒತ್ತಿದರೂ ಪ್ಯಾಡುಗಳು ಹತ್ತಿರ ಬಂದು ನಿಲ್ಲುತ್ತವೆ, ಆಮೇಲೆ ಡಿಸ್ಕ್ ಒಳಗೆ ಹೋಗುವುದಿಲ್ಲ.

ಹಿಂದಿನ ಡಿರೇಲರನ್ನು (ಚೈನನ್ನು ಗೇರ್‌ನಿಂದ ಗೇರ್‌ಗೆ ಸರಿಸುವ ಭಾಗ) ಹ್ಯಾಂಗರ್‌ನಿಂದ ಬಿಚ್ಚಿ. ಸಾಮಾನ್ಯವಾಗಿ 5 ಮಿ.ಮೀ. ಅಲೆನ್ ಕೀ, ಒಂದು ಬೋಲ್ಟ್. ಕೇಬಲ್ ಮುಟ್ಟುವುದೇ ಬೇಡ. ಬಟ್ಟೆ ಸುತ್ತಿ ಫ್ರೇಮಿನ ಒಳಗಡೆಗೆ ಕಟ್ಟಿ. ಹ್ಯಾಂಗರ್ ಮೆತ್ತನೆಯ ಅಲ್ಯೂಮಿನಿಯಂ, ಫ್ರೇಮ್ ಉಳಿಯಲಿ ಅಂತಲೇ ಬಾಗುವ ಹಾಗೆ ಮಾಡಿರುತ್ತಾರೆ. ಮಾಡೆಲ್‌ನಿಂದ ಮಾಡೆಲ್‌ಗೆ ಅದರ ಆಕಾರ ಸಾಮಾನ್ಯವಾಗಿ ಬೇರೆ. ಕೊಟ್ಟಿಗೆಹಾರದಲ್ಲಿ ನಿಂತು ಹುಡುಕಿದರೆ ಸಿಗುವ ವಸ್ತುವಲ್ಲ ಅದು. ಒಂದು ಹೆಚ್ಚುವರಿ ಹ್ಯಾಂಗರ್ ಚೀಲದಲ್ಲಿ ಇರಲೇಬೇಕು.

ಈಗ ಫ್ರೇಮ್. ಚೈನ್ ಇರುವ ಬಲಬದಿ ಮೇಲೆ ಬರುವಂತೆ ಮಲಗಿಸಿ ಹಿಡಿಯಿರಿ. ಹಿಂಭಾಗ ಮೊದಲು ಒಳಗೆ ಹೋಗಲಿ, ಹ್ಯಾಂಡಲ್ ಡಿಕ್ಕಿಯ ಬಾಗಿಲ ಕಡೆ ಉಳಿಯಲಿ. ಹಿಂಭಾಗ ಅಗಲ ಕಡಿಮೆ, ಸರಾಗವಾಗಿ ಜಾರುತ್ತದೆ. ತಂಟೆ ಮಾಡುವ ಹ್ಯಾಂಡಲ್ ನಿಮ್ಮ ಕೈಗೆ ಸಿಗುವ ಜಾಗದಲ್ಲಿದ್ದರೆ ತಿರುಗಿಸಿ ಕೂರಿಸಬಹುದು. ನೇರ ನೂಕಬೇಡಿ, ಎಡಮೂಲೆಗೆ ಓರೆಯಾಗಿ ಬಿಡಿ. ಆಗ ಎಡ ಮುಂಸೀಟನ್ನು ಸ್ವಲ್ಪ ಮುಂದಕ್ಕೆ ತಳ್ಳಿ ಜಾಗ ಮಾಡಿಕೊಳ್ಳಬಹುದು. ಡ್ರೈವರ್ ಸೀಟನ್ನು ಮಾತ್ರ ಒಂದಿಂಚೂ ಅಲ್ಲಾಡಿಸಬೇಡಿ. ಕಾಲು ಮಡಚಿಕೊಂಡು ಹೇರ್‌ಪಿನ್ ತಿರುವಿನಲ್ಲಿ ಬ್ರೇಕ್ ತುಳಿಯುವುದು ಅಪಾಯ.

ಅರ್ಧಕ್ಕೆ ತಡೆದರೆ ಒತ್ತಬೇಡಿ, ಹೊರಗೆ ತೆಗೆದು ಏನು ತಾಗುತ್ತಿದೆ ನೋಡಿ. ಹೆಚ್ಚಾಗಿ ಅದು ಸೈಕಲ್ಲಿನ ಸೀಟ್ ಪೋಸ್ಟ್ (ಸೀಟಿನ ಕೊಳವೆ) ಅಥವಾ ಹ್ಯಾಂಡಲ್. ಎರಡನ್ನೂ ಬಿಚ್ಚಿದರೆ ಇನ್ನೂ ಬಹಳ ಜಾಗ ಸಿಗುತ್ತದೆ.

ಚಕ್ರಗಳನ್ನು ಮುಂದಿನ ಸೀಟುಗಳ ಬೆನ್ನಿಗೆ ಒಂದೊಂದರಂತೆ ನಿಲ್ಲಿಸಿ, ಡಿಸ್ಕ್ ಸೀಟಿನ ಕಡೆ. ಜಾಗ ಸಾಲದಿದ್ದರೆ ಫ್ರೇಮಿನ ಮೇಲೆ ಬಟ್ಟೆ ಹಾಸಿ ಮಲಗಿಸಿ, ಆಗ ಡಿಸ್ಕ್ ಮೇಲ್ಮುಖ. ಡಿಸ್ಕಿನ ಮೇಲೆ ಬ್ಯಾಗ್ ಇಡಬಾರದು. ಸ್ವಲ್ಪ ಬಾಗಿದರೂ ಬ್ರೇಕ್ ಉಜ್ಜುತ್ತಲೇ ಇರುತ್ತದೆ.

ಹಿಂಬಾಗಿಲನ್ನು ಧಡಾರನೆ ಹಾಕಬೇಡಿ. ಒಂದು ಗೇಣು ಉಳಿಯುವವರೆಗೆ ಕೈಯಲ್ಲಿ ಇಳಿಸಿ, ಪಕ್ಕದಿಂದ ಬಗ್ಗಿ ನೋಡಿ. ಗಾಜಿಗೂ ಫೋರ್ಕಿನ (ಮುಂಚಕ್ರ ಹಿಡಿಯುವ ಕವೆ) ತುದಿಗೂ ನಡುವೆ ಮುಷ್ಟಿಯಷ್ಟು ಅಂತರ ಬೇಕು.

ಬಾಗಿಲು ಮುಚ್ಚದಿದ್ದರೆ ಹಗ್ಗ ಕಟ್ಟಿಕೊಂಡು ಹೋಗುವ ದಾರಿ ಕೆಲವರದು. ದಯವಿಟ್ಟು ಬೇಡ. ಹೊಗೆ ಒಳಗೆ ಬರುತ್ತದೆ, ನಂಬರ್ ಪ್ಲೇಟ್ ಮರೆಯಾಗುತ್ತದೆ.

ಕಟ್ಟುವುದು

ಚಾರ್ಮಾಡಿಯಾಗಲಿ, 14 ಹೇರ್‌ಪಿನ್ ತಿರುವುಗಳ ಆಗುಂಬೆಯಾಗಲಿ, ಸಡಿಲ ಸೈಕಲ್ ಪ್ರತಿ ತಿರುವಿನಲ್ಲೂ ಜಾರುತ್ತದೆ. ಟ್ಯೂಬ್ ಪಟ್ಟಿಗಳಿಂದ ಫ್ರೇಮನ್ನು ಹಿಂದಿನ ಸೀಟ್‌ಬೆಲ್ಟಿನ ಬಕಲ್‌ಗೆ, ಚಕ್ರಗಳನ್ನು ಮುಂದಿನ ಹೆಡ್‌ರೆಸ್ಟಿಗೆ ಬಿಗಿಯಿರಿ. ಕೊಕ್ಕೆ ಇರುವ ಅಗ್ಗದ ಎಲಾಸ್ಟಿಕ್ ಹಗ್ಗ ತರಲೇಬೇಡಿ. ಕೊಕ್ಕೆ ಕಿತ್ತುಬಂದರೆ ನೇರ ಮುಖಕ್ಕೆ ಹಾರುತ್ತದೆ. ಒಳಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುತ್ತಿದೆಯಾ ನೋಡಿ ಹೊರಡಿ. ಉಜಿರೆಯಲ್ಲಿ ಚಹಾಕ್ಕೆ ನಿಂತಾಗ ಪಟ್ಟಿಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಘಾಟಿ ಅಲ್ಲಿಂದ ಮುಂದೆ.

ತಲುಪಿದ ಮೇಲೆ

ಅದೇ ಸಂಜೆ ಜೋಡಿಸಿ. ಬೆಳಗ್ಗೆ ಅವಸರದಲ್ಲಿ ಬೇಡ. ರಟ್ಟಿನ ತುಂಡು ತೆಗೆದು, ಚಕ್ರ ಕೂರಿಸಿ, ಬ್ರೇಕ್ ಒತ್ತಿ ನೋಡಿ. ಹಿಂದೆ ನಿಂತು ನೋಡಿದಾಗ ಡಿರೇಲರ್‌ನ ಎರಡು ಚಿಕ್ಕ ಚಕ್ರಗಳು ಗೇರ್ ಹಲ್ಲಿಗೆ ಸಮವಾಗಿ, ನೇರ ಕಾಣಬೇಕು. ಓರೆ ಇದ್ದರೆ ಹೆಚ್ಚಾಗಿ ಹ್ಯಾಂಗರ್ ಬಾಗಿದೆ ಅಂತ ಅರ್ಥ, ಬದಲಿಸಿ. ಅತಿ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಹಾಕಿದಾಗ ಡಿರೇಲರ್ ಚಕ್ರದ ಕಡ್ಡಿಗೆ ತಾಗುವುದಿಲ್ಲ ಅಂತ ಖಾತ್ರಿಯಾದ ಮೇಲೇ ಮುಳ್ಳಯ್ಯನಗಿರಿ ರಸ್ತೆಗೆ ಸೈಕಲ್ ಇಳಿಸಿ.